ಕಂಚಿನ ಕುದುರೆಯ ಎಡಗಾಲು

ಉದ್ಯಾನದವರೆಲ್ಲ ಕುದುರೆಯಮ್ಮ ಎಂದೇ ಕರೆಯುತ್ತಿದ್ದ ಆಕೆ ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ತಾಯಿಯ ಹಿರಿಯ ಮಗಳು, ಲಾರಿ ಚಾಲಕನೊಬ್ಬನ ವಿಧವೆ, ದರ್ಜಿಯೊಬ್ಬಳ ತಾಯಿ. ಕೊಳೆ ಕಂಡರೆ ಹಾವು ತುಳಿದಂತೆ ಬೆಚ್ಚುವ ಮನೆತನ.

ಗಂಡ ತೀರಿಕೊಂಡ ವರ್ಷವೇ ಆಕೆಗೆ ನಗರದ ಉದ್ಯಾನದಲ್ಲಿ ಗುಡಿಸುವ ಕೆಲಸ ಸಿಕ್ಕಿತು. ಹೆಬ್ಬಾಗಿಲಿನ ಎರಡು ಬದಿಗೆ, ನೂರು ವರ್ಷಗಳ ಹಿಂದೆ ಎರಕ ಹೊಯ್ದ ಕಂಚಿನ ಕುದುರೆಗಳು ಮುಂಗಾಲೆತ್ತಿ ನಿಂತಿದ್ದವು. ಅವುಗಳ ಮೈಯ ಹಸಿರುಗಪ್ಪನ್ನು ಆಕೆ ಪಾಚಿಯೆಂದು ತಿಳಿದಳು. ಮೂರನೆಯ ದಿನ, ಯಾರೂ ಹೇಳದೆಯೇ, ಮರಳು ಹಾಕಿ ತಿಕ್ಕಿ, ಒಂದು ಕುದುರೆಯ ಎಡಗಾಲನ್ನು ಹೊಸ ಚೊಂಬಿನಂತೆ ಬೆಳಗಿಟ್ಟಳು.

ಮೇಲ್ವಿಚಾರಕ ತಲೆಯ ಮೇಲೆ ಕೈ ಹೊತ್ತ. "ನೂರು ವರ್ಷ ಮಳೆ ಬಿಸಿಲು ಕೂಡಿ ಕೊಟ್ಟ ಬಣ್ಣ ಕಣಮ್ಮ ಅದು. ನಾಳೆಯಿಂದ ಬರ್ಬೇಡ."

"ಕೊಳೆ ತೆಗೆದ್ರೂ ಕೆಲಸ ಹೋಗುತ್ತೆ ಅಂತ ನಮ್ಮಮ್ಮ ಹೇಳಿರ್ಲಿಲ್ಲ, ಸ್ವಾಮಿ."

ಮನೆಯಲ್ಲಿ ನಾಲ್ಕು ವರ್ಷದ ಮಗಳು, ಬೇರೆ ಗತಿಯಿರಲಿಲ್ಲ. ಆಗ, ವರ್ಷಕ್ಕೆರಡು ಬಾರಿ ಕುದುರೆಗಳಿಗೆ ಮೇಣ ಹಚ್ಚಲು ಬರುತ್ತಿದ್ದ ಮುದಿ ಎರಕದವನು ಆ ಕಾಲನ್ನು ತಡವಿ ನೋಡಿದ. "ಇಷ್ಟು ಗಟ್ಟಿ ಕೈ ನಂಗೆ ನಲವತ್ತು ವರ್ಷದಿಂದ ಸಿಕ್ಕಿಲ್ಲ. ನನಗೆ ಬಿಡಿ ಇವಳನ್ನ. ಕೆಡಿಸಿದವಳೇ ಸರಿಮಾಡ್ಲಿ."

"ನಂಗೆ ಬರಲ್ಲ, ತಾತ."

"ಅದನ್ನ ಕಾಲೇ ಹೇಳ್ತಿದೆ. ಬಾ, ಕಲಿ."

ಬಿಸಿಲಿಗೆ ಕಂಚು ಕಾದಾಗ ಬರಿಗೈಯಲ್ಲಿ, ಕುದುರೆಯ ಮೈಗೂದಲು ಇಳಿದ ದಿಕ್ಕಿನಲ್ಲೇ ಮೇಣ ಹಚ್ಚಬೇಕು. ಬೋಳಾದ ಕಾಲಿಗೆ ಮಾತ್ರ ಮೇಣ ಸೋಕಿಸದೆ, ಬಣ್ಣ ತಾನಾಗಿ ಮರಳಲೆಂದು ಗಾಳಿಮಳೆಗೆ ಒಪ್ಪಿಸಬೇಕು. ಮೊದಮೊದಲು ಆಕೆ ಅತ್ತ ಸುಳಿದಾಗಲೆಲ್ಲ ತಾತ "ಕೈ ಹಿಂದೆ ಕಟ್ಕೋ" ಎನ್ನುತ್ತಿದ್ದ. ಆಕೆ ಕಟ್ಟಿಕೊಳ್ಳುತ್ತಿದ್ದಳು. ಒಂಬತ್ತನೆಯ ವರ್ಷ ತಾತ ಹೋದ. ಕಾಲಿನ್ನೂ ಕೆಂಪಗೇ ಇತ್ತು.

ಇಪ್ಪತ್ತಾರನೆಯ ವರ್ಷ, ಆ ಕಾಲಿನ ಕತೆ ಕೇಳಿದ್ದ ವಸ್ತುಸಂಗ್ರಹಾಲಯದ ತಜ್ಞೆ ಬಂದು ಎರಡೂ ಕುದುರೆಗಳನ್ನು ಸುತ್ತಿದಳು. "ಯಾವ ಕಾಲಮ್ಮ ಅದು?"

"ನೀವೇ ಹುಡುಕಿ."

ತಜ್ಞೆ ಇನ್ನೊಂದು ಕುದುರೆಯ ಕಾಲನ್ನು ತೋರಿಸಿದಳು.

ಆಕೆ ಅರ್ಧ ದಿನ ರಜೆ ಹಾಕಿ, ತಾತನ ಹೆಂಡತಿಯ ಮನೆಗೆ ನಡೆದು ಹೋದಳು. "ಕಾಲಿಗೆ ಬಣ್ಣ ಬಂತು, ಅಜ್ಜಿ. ಅವರಿದ್ದಿದ್ರೆ ಕಾಲಿಗೆ ಬೀಳ್ತಿದ್ದೆ. ನನ್ನ ಮಗಳು ಉಂಡಿದ್ದು ಅವರ ಮಾತಿನಿಂದ."

"ಬಣ್ಣ ಬರುತ್ತೆ ಅಂತ ಅವರಿಗೆ ಗೊತ್ತಿತ್ತು," ಎಂದಳು ಅಜ್ಜಿ. "ನೀನು ಸುಮ್ಮನಿರ್ತೀಯೋ ಇಲ್ವೋ ಅನ್ನೋದೇ ಅನುಮಾನವಾಗಿತ್ತು."

ಆಕೆ ಬಿಟ್ಟುಹೋದದ್ದು: ಮಗಳು, ಇಬ್ಬರು ಮೊಮ್ಮಕ್ಕಳು, ಮೇಣ ಹಚ್ಚಲು ಕಲಿತ ಮೂವರು ಹೆಂಗಸರು, ಮಡಿಸುವ ಏಣಿ, ಅರ್ಧ ಡಬ್ಬಿ ಮೇಣ, ಹರಿದ ಹತ್ತಿ ಸೀರೆಯ ಹದಿನಾಲ್ಕು ತುಂಡು.