ರಜೆಯ ಕಾಲು, ಪಾಳಿಯ ಕಾಲು

ಕೊಲ್ಲಿ ನಾಡಿನ ಮನಾಮದ ಪೇಟೆಯಲ್ಲಿ ಮಸೂದ್ ಸಾಹೇಬರ ಬೂಟಿನ ಅಂಗಡಿಗೆ ಗುರುವಪ್ಪ ಸೇರಿದ್ದು ಎಪ್ಪತ್ತಮೂರನೆಯ ಇಸವಿಯಲ್ಲಿ. ಆಗ ಅಲ್ಲಿ ಮಾರುತ್ತಿದ್ದುದು ಆಗ್ರಾದಲ್ಲಿ ತಯಾರಾಗುವ ‘ಹಂಸ’ ಬೂಟು ಮಾತ್ರ. ಮೂತಿ ಅಗಲ, ಅಂದ ಕಡಿಮೆ. ಆದರೆ ಸಿತ್ರಾದ ತೈಲ ಕಾರ್ಖಾನೆಯಲ್ಲಿ ಪಾಳಿ ದುಡಿಯುವವರಿಗೆ ಬೇರೆ ಬೂಟು ಒಗ್ಗುತ್ತಿರಲಿಲ್ಲ. ಗುರುವಪ್ಪ ಗಿರಾಕಿಯನ್ನು ಕಂದು ಕಾಗದದ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನ ಗೆರೆ ಎಳೆದು, ಹೆಸರು ಬರೆದು, ಬಿಸ್ಕೆಟಿನ ಡಬ್ಬಿಯಲ್ಲಿಡುತ್ತಿದ್ದ. ಅವನದೊಂದು ಹಟವಿತ್ತು. ಪಾಳಿ ಮುಗಿಸಿ ಬಂದವನ ಕಾಲಿಗಷ್ಟೇ ಗೆರೆ. ಶುಕ್ರವಾರ ಮಲಗಿ ಎದ್ದು ಬಂದವನಿಗೆ, “ನಾಳೆ ಪಾಳಿ ಮುಗಿಸಿ ಬಾ ಮಾರಾಯ, ರಜೆಯ ಕಾಲು ಸುಳ್ಳು ಹೇಳ್ತದೆ” ಎನ್ನುತ್ತಿದ್ದ.

ಎಂಬತ್ತೊಂದರಲ್ಲಿ ಆಗ್ರಾದ ಕಾರ್ಖಾನೆಗೆ ಬೀಗ ಬಿತ್ತು. ಅದೇ ವರ್ಷ ಮಂಗಳೂರಿನ ಜಯಪಾಲ ಮ್ಯಾನೇಜರಾಗಿ ಬಂದ. ಇಟಲಿಯ ಚೂಪು ಬೂಟುಗಳು ಗಾಜಿನ ಕಪಾಟು ಹತ್ತಿದವು. ಡಬ್ಬಿಯಲ್ಲಿದ್ದ ಎಂಟು ವರ್ಷದ ಕಾಗದಗಳನ್ನು ಜಯಪಾಲ ಮುದ್ದೆ ಮಾಡಿಸಿ ಆ ಬೂಟುಗಳ ಮೂತಿಗೆ ತುರುಕಿಸಿದ.

“ಅವು ಜನರ ಕಾಲು ಜಯಪಾಲರೇ, ರದ್ದಿ ಅಲ್ಲ.”

“ಕೂಲಿಗಳ ಕಾಲು! ನೀನು ಟುಬ್ಲಿಯ ಗೋದಾಮಿಗೆ ಹೋಗು ಗುರುವಪ್ಪಾ. ಅಲ್ಲಿ ಉಳಿದ ಹಂಸಗಳಿಗೆ ಕಾಳು ಹಾಕಿಕೊಂಡಿರು.”

ಟುಬ್ಲಿಯ ತಗಡಿನ ಗೋದಾಮಿನಲ್ಲಿ, ಸುತ್ತಲಿನ ಗ್ಯಾರೇಜುಗಳ ಬಡಿತದ ನಡುವೆ, ಗುರುವಪ್ಪ ಮೂರು ಬೇಸಿಗೆ ಬೆಂದ. ಆ ಮಾತನ್ನು ಅವನು ಮರೆಯಲಿಲ್ಲ; ಮರೆಯುವ ಮನಸ್ಸೂ ಅವನಿಗಿರಲಿಲ್ಲ.

ಎಂಬತ್ತನಾಲ್ಕರಲ್ಲಿ ಆಗ್ರಾದಿಂದ ಕಾಗದ ಬಂತು. ಕೆಲಸಗಾರರೇ ಒಟ್ಟುಗೂಡಿ ಕಾರ್ಖಾನೆ ತೆರೆದಿದ್ದರು. ಬೂಟು ಹೊಲಿಯುವ ಹಳೆಯ ಮರದ ಅಚ್ಚುಗಳು ಹರಾಜಾಗಿ ಹೋಗಿದ್ದವು. ಗಿರಾಕಿಗಳ ಕಾಲಿನ ಗೆರೆ ಕಳುಹಿಸಿದರೆ ಹೊಸ ಅಚ್ಚು ಕಡೆದು, ಮಾದರಿ ಬೂಟು ಕಳುಹಿಸುವೆವೆಂದು ಬರೆದಿದ್ದರು. ಇಟಲಿಯ ಮಾಲು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದುದರಿಂದ ಮಸೂದ್ ಸಾಹೇಬರಿಗೆ ಆಸೆ ಹುಟ್ಟಿತು. ಇಬ್ಬರನ್ನೂ ಕರೆದು ಕಡ್ಡಿ ಮುರಿದಂತೆ ಹೇಳಿದರು: ಮಾದರಿ ಹೊಂದಿದರೆ ಹಂಸ ಮತ್ತೆ ಅಂಗಡಿಗೆ, ಗುರುವಪ್ಪನೂ ಅಂಗಡಿಗೆ. ಹೊಂದದಿದ್ದರೆ ಗೋದಾಮು ಖಾಲಿ, ಅವನ ವೀಸಾವೂ ಖಲಾಸ್.

ಗೆರೆ ಎಳೆಯುವ ಕೆಲಸವನ್ನು ಜಯಪಾಲ ತಾನೇ ಎಳೆದುಕೊಂಡ. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಸೆಂಟು ಹಾಕಿ ಪೇಟೆ ಸುತ್ತಲು ಬಂದ ಸಿತ್ರಾದವರನ್ನೆಲ್ಲ ಕಾಗದದ ಮೇಲೆ ನಿಲ್ಲಿಸಿದ.

“ಶುಕ್ರವಾರದ ಗೆರೆ ಬೇಡ,” ಎಂದ ಗುರುವಪ್ಪ.

“ಕಾಲಿಗೂ ಪಂಚಾಂಗ ಉಂಟಾ? ನೀನು ನಿನ್ನ ಟಿಕೆಟಿನ ತಾರೀಕು ನೋಡ್ಕೋ, ಸಾಕು.”

ಗುರುವಪ್ಪ ಮರುದಿನ ಕಾಗದದ ಸುರುಳಿ ಹಿಡಿದು ಸಿತ್ರಾದ ಕಾರ್ಖಾನೆಯ ಗೇಟಿಗೆ ಹೋದ. ಪಾಳಿ ಬಿಟ್ಟಿತ್ತು. ಕಂಪೆನಿ ಬಸ್ಸಿನತ್ತ ಓಡುತ್ತಿದ್ದ ಶಿರ್ವದ ಫಿಟ್ಟರ್ ಕ್ಲೆಮೆಂಟನ ತೋಳು ಹಿಡಿದು ನಿಲ್ಲಿಸಿದ.

“ಬಸ್ಸು ಹೋಗ್ತದೆ ಗುರುವಪ್ಪಣ್ಣ! ಕಾಲು ನಾರ್ತದೆ ಬೇರೆ.”

“ನಾರುವ ಕಾಲೇ ಬೇಕು. ಬಿಚ್ಚು!”

ಕ್ಲೆಮೆಂಟ್ ನಗುತ್ತಾ ಬೂಟು ಕಳಚಿದ. ಹಿಂದಿದ್ದವರೂ ಕಳಚಿದರು. ಡ್ರೈವರು ಹಾರನ್ ಬಾರಿಸಿ, ಬೈದು ಸುಸ್ತಾದ. ವಾರವಿಡೀ ಹೀಗೆಯೇ ನಡೆಯಿತು. ಆ ಗೆರೆಗಳನ್ನು ಗುರುವಪ್ಪ ತನ್ನ ಹೆಸರಿನಲ್ಲೇ ಆಗ್ರಾಕ್ಕೆ ಅಂಚೆಗೆ ಹಾಕಿದ.

ಎರಡು ತಿಂಗಳಾದ ಮೇಲೆ ಎರಡು ಪೆಟ್ಟಿಗೆಗಳು ಬಂದವು. ಒಂದರ ಮೇಲೆ ಜಯಪಾಲನ ಹೆಸರು, ಇನ್ನೊಂದರ ಮೇಲೆ ಗುರುವಪ್ಪನದು.

“ಕಳ್ಳ! ನನ್ನ ಬೆನ್ನ ಹಿಂದೆ ಕಳಿಸಿದ್ದಾನೆ!” ಎಂದು ಜಯಪಾಲ ಕೂಗಾಡಿದ.

ಮಸೂದ್ ಸಾಹೇಬರು ಅವನಿಗೆ ಕಿವಿಗೊಡಲಿಲ್ಲ. ಎರಡೂ ಪೆಟ್ಟಿಗೆಗಳಿಂದ ಒಂದೊಂದು ಜೋಡಿಯನ್ನು ಕ್ಲೆಮೆಂಟನಿಗೆ ಕೊಟ್ಟು, ಒಂದೊಂದು ದಿನ ಹಾಕಿಕೊಂಡು ದುಡಿದು ಬಾ ಎಂದರು. ಮೊದಲ ಸಂಜೆ ಅವನು ಜಯಪಾಲನ ಜೋಡಿಯನ್ನು ಕೈಯಲ್ಲಿ ತೂಗಾಡಿಸುತ್ತ, ಹವಾಯಿ ಚಪ್ಪಲಿಯಲ್ಲಿ ಕುಂಟುತ್ತ ಬಂದ.

“ಬೆಳಿಗ್ಗೆ ಮದುಮಗನ ಹಾಗೆ ಹೋದೆ. ಮಧ್ಯಾಹ್ನ ಕಾಲು ಬೀಗಿತು ನೋಡಿ, ಇದು ನಾಯಿಯ ಹಾಗೆ ಕಚ್ಚಿತು!”

ಎರಡನೆಯ ಸಂಜೆ ಗುರುವಪ್ಪನ ಜೋಡಿಯಲ್ಲಿ ನಡೆದುಕೊಂಡೇ ಬಂದ. ಬಿಚ್ಚಿ ಕೊಡು ಎಂದರೂ ಕೊಡಲಿಲ್ಲ. ಮಸೂದ್ ಸಾಹೇಬರು ಈ ಅಚ್ಚಿನ ಮಾಲು ಕಳುಹಿಸಿರೆಂದು ಆಗ್ರಾಕ್ಕೆ ತಂತಿ ಕೊಡಿಸಿದರು.

ಗುರುವಪ್ಪ ಅಂಗಡಿಗೆ ಮರಳಿದ. ಜಯಪಾಲನೂ ಉಳಿದ. ಒಂದೇ ಛಾವಣಿಯ ಕೆಳಗೆ ಇಬ್ಬರೂ ಹಾವು ಮುಂಗುಸಿಯಂತಿದ್ದರು. ಊರಿನವರು ರಾಜಿ ಮಾಡಿಸಲು ಬಂದು, ಚಹಾ ಕುಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಹೋದರು. ರಂಜಾನಿನ ಕೊನೆಯ ವಾರ ಅಂಗಡಿ ತುಂಬ ಹಬ್ಬದ ಗಿರಾಕಿಗಳು. ದಿನವಿಡೀ ಚೂಪು ಬೂಟಿನಲ್ಲಿ ನಿಂತ ಜಯಪಾಲ, ಜನ ಕರಗಿದ ಮೇಲೆ ಸ್ಟೂಲಿನ ಮೇಲೆ ಕುಸಿದು ಕುಳಿತ.

“ನನಗೂ ಒಂದು ಜೋಡಿ ಹಂಸ ತೆಗೀರಿ, ಗುರುವಪ್ಪಣ್ಣ.”

“ಈಗ ಅಣ್ಣ ಆದೆನಾ? ಅದು ಕೂಲಿಗಳ ಬೂಟು ಜಯಪಾಲರೇ. ನಿಮ್ಮ ಕಾಲಿಗೆ ಆಗ್ಲಿಕ್ಕಿಲ್ಲ.”

ಗುರುವಪ್ಪ ಮೂಲೆಗೆ ಬಿದ್ದಿದ್ದ ಇಟಲಿಯ ಜೋಡಿಯೊಂದನ್ನು ತಂದು ಅವನ ಮುಂದಿಟ್ಟ. ಇಡುವ ಮೊದಲು ಅದರ ಮೂತಿಯಿಂದ ಕಂದು ಕಾಗದದ ಮುದ್ದೆಯನ್ನು ಎಳೆದು, ತೊಡೆಯ ಮೇಲೆ ನೀವಿ, ಹೆಸರು ಓದಿ, ಬಿಸ್ಕೆಟಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.