ನೆಲುವಿನ ಗಡಿಗೆ ಮತ್ತು ನನ್ನ ಕೈ

ನನ್ನ ಮೊಮ್ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ನಮ್ಮ ಮನೆಯೊಳಗಿನ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದಾಳೆ. ಬಾಗಿಲ ಚಿಲಕದ್ದು, ಫೋನಿನದ್ದು, ತನ್ನ ಕೈಯದ್ದು ಎಂದು ಚಪ್ಪಟೆ ಡಬ್ಬಿಗಳಲ್ಲಿ ಇಟ್ಟು, ಸುತ್ತಲೂ ಟೇಪು ಅಂಟಿಸಿದ್ದಾಳೆ. ನಾನು ಒಂದನ್ನು ಬೆಳಕಿಗೆ ಹಿಡಿದು ನೋಡಲು ಹೋದೆ.

“ಆಯಿ, ಮುಚ್ಚಳ ತಗೀಬ್ಯಾಡ!” ಎಂದು ಓಡಿ ಬಂದಳು.

“ತಗೀಬಾರದು ಅನ್ನೂದು ನಿಮ್ಮಪ್ಪ ಹುಟ್ಟೂಕಿಂತ ಮೊದಲ ನನಗ ಗೊತ್ತೈತೆವ್ವ. ಕಡೀಕ ಕುದಿಸಿ ಹುಗೀಬೇಕು, ಹೌದಿಲ್ಲ?”

ಹುಡುಗಿ ಬಾಯಿ ತೆರೆದುಕೊಂಡು ನಿಂತಳು. ನಾಲ್ಕನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು ನಾನು, ನನಗೆ ಇದು ಹೇಗೆ ಗೊತ್ತು ಎಂದು ಅವಳಿಗೆ ಆಶ್ಚರ್ಯ. ನನಗೋ ಎಲ್ಲಿಂದ ಹೇಳಲಿ ಎಂಬುದೇ ತಿಳಿಯಲಿಲ್ಲ. ಇರಲಿ, ಮೊಸರಿನಿಂದಲೇ ಹೇಳುತ್ತೇನೆ.

ಮಾಸೂರಿನ ನನ್ನ ತವರಿನಲ್ಲಿ ಹಾಲಿಗೆ ಹೆಪ್ಪು ಹಾಕುವುದು ನನ್ನ ಕೆಲಸವಾಗಿತ್ತು. ಅವ್ವ ಗದ್ದೆಯಿಂದ ಬರುವುದರೊಳಗೆ ಹಾಲು ಕಾಸಿ, ಆರಿಸಿ, ಕಿರುಬೆರಳು ಅದ್ದಿ ಬಿಸಿ ನೋಡಿ ಹೆಪ್ಪು ಬಿಡುತ್ತಿದ್ದೆ. ಬೆಳಿಗ್ಗೆ ಅಪ್ಪ ಗಡಿಗೆಯನ್ನು ಓರೆ ಮಾಡಿ ಮನೆಗೆ ಬಂದವರಿಗೆ ತೋರಿಸುವನು. “ನೋಡ್ರಿ, ನನ್ನ ಮಗಳ ಮೊಸರ ಅಲುಗೂದಿಲ್ಲ!” ಆ ಮಾತು ಕೇಳಲೆಂದೇ ನಾನು ಕಂಬದ ಹಿಂದೆ ನಿಂತಿರುತ್ತಿದ್ದೆ.

ಅರವತ್ತರ ದಶಕ ಶುರುವಾಗಿತ್ತು, ನನ್ನನ್ನು ಹಾನಗಲ್ಲಿಗೆ ಕೊಟ್ಟರು. ನಾನು ಗಂಡನ ಮನೆಗೆ ನಡೆಯಲು ಹೋದದ್ದು ಮಳೆಗಾಲದಲ್ಲಿ. ಅತ್ತೆಯ ಮನೆಯಲ್ಲಿ ಮೊಸರಿನ ಗಡಿಗೆ ಸೂರಿನಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ಇರುತ್ತಿತ್ತು. ನಾನು ಹೆಪ್ಪು ಹಾಕಿದ ಮೊದಲ ಮೊಸರೇ ಲೋಳೆಯಾಯಿತು. ಸವಟು ಎತ್ತಿದರೆ ನೂಲಿನ ಹಾಗೆ ಎಳೆ ಎಳೆಯಾಗಿ ಬಂತು. ಮರುದಿನವೂ ಹಾಗೇ.

“ಮಾರಿ ಚಲೋ ಐತಿ, ಕೈಗುಣ ಚಲೋ ಇಲ್ಲ” ಎಂದರು ಅತ್ತೆ.

ಅಷ್ಟೇ. ಆಮೇಲೆ ನೆಲುವಿನ ಹತ್ತಿರ ನಾನು ಸುಳಿಯುವಂತಿಲ್ಲ. ಉಪ್ಪಿನಕಾಯಿಯ ಭರಣಿಯೂ ದೂರವಾಯಿತು. ಅತ್ತೆಯೇ ಹೆಪ್ಪು ಹಾಕಿದ್ದೂ ಒಮ್ಮೊಮ್ಮೆ ನೂಲು ಎಳೆಯುತ್ತಿತ್ತು. ಆಗ, “ನೀ ಅದರ ಕೆಳಗ ಹಾದು ಹೋದಿ, ಅದಕ್ಕ” ಎನ್ನುವರು. ಸಂಜೆ ಹಾಲು ಕಾಯುವ ವಾಸನೆ ಬಂದರೆ ನನ್ನ ಕಿರುಬೆರಳು ತಾನಾಗಿಯೇ ಚಡಪಡಿಸುತ್ತಿತ್ತು. ತವರು ನೆನಪಾದರೆ ಜನ ಅವ್ವನನ್ನು, ಅಪ್ಪನನ್ನು ನೆನೆದು ಅಳುತ್ತಾರೆ. ನಾನು ಒಂದು ಗಡಿಗೆಯನ್ನು ನೆನೆದು ಅತ್ತಿದ್ದೇನೆ.

ನನ್ನ ನಾದಿನಿ ಆಗ ಹೈಸ್ಕೂಲಿಗೆ ಹೋಗುತ್ತಿದ್ದಳು. ನನಗಿಂತ ಚೂರು ಸಣ್ಣವಳು, ಬಾಯಿ ಮಾತ್ರ ದೊಡ್ಡದು. ಒಂದು ದಿನ ಶಾಲೆಯಿಂದ ಬಂದವಳೇ ಬಟಾಟೆ ಬೇಯಿಸಲು ಕೂತಳು. ಮನೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಎಲ್ಲೆಲ್ಲಿವೆ ಎಂದು ಹುಡುಕಿಕೊಂಡು ಬರಲು ಮಾಸ್ತರರು ಹೇಳಿದ್ದರಂತೆ. ಬೆಂದ ಬಟಾಟೆಯ ಬಿಲ್ಲೆಗೆ ಒಬ್ಬೊಬ್ಬರು ಬೆರಳು ಒತ್ತಬೇಕು, ಬೇರೆ ಬೇರೆ ಗಾಜಿನ ಬಾಟಲಿಯಲ್ಲಿ ಹಾಕಿ ಮೇಣದಿಂದ ಬಾಯಿ ಮುಚ್ಚಬೇಕು. ಒಳಗೆ ಏನೇ ಬೆಳೆದರೂ ಹೊರಗಿನಿಂದಲೇ ನೋಡಬೇಕು. ಮುಚ್ಚಳ ತೆಗೆಯಬಾರದು, ಮೂಗಿಗೆ ಹಿಡಿಯಬಾರದು, ಮುಗಿದ ಮೇಲೆ ಎಲ್ಲವನ್ನೂ ಕುದಿಸಿ ಹಿತ್ತಲಲ್ಲಿ ಹುಗಿಯಬೇಕು. ಇಷ್ಟನ್ನೂ ಅವಳು ಮಾಸ್ತರರ ದನಿಯಲ್ಲೇ ಹೇಳಿ ನಮ್ಮನ್ನು ನಗಿಸಿದಳು.

ಶಾಲೆಯ ಕೆಲಸವೆಂದರೆ ಸರಸ್ವತಿಯ ಕೆಲಸವಲ್ಲವೇ? ಮಾವ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಬೆರಳು ಒತ್ತಿದರು. ಅತ್ತೆ ಸಬಕಾರದಿಂದ ಮೊಣಕೈವರೆಗೆ ತಿಕ್ಕಿಕೊಂಡು ಬಂದು, ಒತ್ತಿ, ಬಿಲ್ಲೆಗೆ ಕೈ ಕೂಡ ಮುಗಿದರು. ನಾನು ಹಿತ್ತಲಲ್ಲಿ ಸಗಣಿಯ ಕುಳ್ಳು ತಟ್ಟುತ್ತಿದ್ದೆ. “ವೈನೀ, ಲಗೂ ಬರ್ರಿ!” ಎಂದು ನಾದಿನಿ ಕೂಗಿದ್ದಕ್ಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದೆ.

ಕೆಲವು ದಿನಗಳಲ್ಲಿ ಮಾವನ ಬಿಲ್ಲೆಯ ಮೇಲೆ ಒಂದೆರಡು ಬಿಳಿ ಚುಕ್ಕೆ ಬಂದವು, ಅತ್ತೆಯದರ ಮೇಲೆ ಒಂದೇ. ನನ್ನದು? ಹಳದಿ, ಕಂದು, ಬಿಳಿ, ಒಂದರ ಮೇಲೊಂದು ಬಿದ್ದು ಬಟಾಟೆಯೇ ಕಾಣದಂತೆ ಬೆಳೆದಿತ್ತು.

ಅತ್ತೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ನಾ ಅಂದ್ರ ಯಾರೂ ನಂಬಲಿಲ್ಲ. ಈಗ ಸಾಲಿ ಬಟಾಟಿನೂ ಅದನ್ನ ಅಂತೈತಿ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಇನ್ನು ಈ ಮನೆಯಲ್ಲಿ ಗಡಿಗೆ ನನ್ನ ಪಾಲಿಗಿಲ್ಲ ಎಂದುಕೊಂಡೆ.

ನಾದಿನಿ ಮಾತ್ರ ಮರುದಿನ ಶಾಲೆಯಿಂದ ನಗುತ್ತಲೇ ಬಂದಳು. “ಮಾಸ್ತರ ನನಗ ಬೈದ್ರು. ಒಬ್ಬರ ತೊಳಕೊಂಡು ಒಬ್ಬರ ತೊಳಕೊಳ್ಳದ ಮುಟ್ಟಿದ್ರ ಏನ ತಿಳೀತೈತಿ ಅಂದ್ರು. ಬಣ್ಣ ನೋಡಿ ಇದು ಇಂಥಾದ್ದ ಅಂತ ಹೆಸರ ಇಡಬ್ಯಾಡ್ರಿ ಅಂತನೂ ಹೇಳಿದ್ರು. ಎವ್ವಾ, ಮತ್ತೊಮ್ಮೆ ಮಾಡೂಣು.”

“ಮತ್ತ ಬಟಾಟಿ ಹಾಳ!” ಅತ್ತೆ ಗೊಣಗಿದರು. ಆದರೂ ಕೈ ತೊಳೆಯಲು ಎದ್ದರು. ತಾನು ಗೆದ್ದೇ ಗೆಲ್ಲುತ್ತೇನೆಂಬ ಧೈರ್ಯ!

ಈ ಸಲ ಎಲ್ಲರಿಗೂ ಅದೇ ನೀರು, ಅದೇ ಸಬಕಾರ. ಇನ್ನೊಂದು ಬಿಲ್ಲೆಗೆ ನಾದಿನಿ ಗಡಿಗೆಯ ಬಾಯಿಗೆ ಕಟ್ಟುವ ಅರಿವೆಯನ್ನು ಒತ್ತಿದಳು. ಮಳೆಗಾಲವೆಲ್ಲ ಅದು ಹಸಿಯಾಗಿಯೇ ನೆಲುವಿನ ಮೇಲೆ ಇರುತ್ತಿತ್ತು. ನನ್ನ ಬಿಲ್ಲೆಯೂ ಅತ್ತೆಯ ಬಿಲ್ಲೆಯೂ ಅಕ್ಕತಂಗಿಯರ ಹಾಗೆ ಕಂಡವು. ಅರಿವೆಯ ಬಿಲ್ಲೆ ಪೂರಾ ಲೋಳೆ.

“ಬಟಾಟಿ ಲೋಳಿ ಆದ್ರ ಮೊಸರ ಯಾಕ ಲೋಳಿ ಆಕ್ಕೈತಿ?” ಎಂದರು ಅತ್ತೆ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಾಸ್ತರರೂ ಅದನ್ನೇ ಕೇಳಿದರಂತೆ. ಹಾಗಾಗಿ ನಾದಿನಿ ಒಂದು ಸಣ್ಣ ಗಡಿಗೆ, ಒಂದು ತುಂಡು ಅರಿವೆ ಎರಡನ್ನೂ ನೀರಿನಲ್ಲಿ ಚೆನ್ನಾಗಿ ಕುದಿಸಿ ಬಿಸಿಲಿಗೆ ಒಣಗಿಸಿದಳು. ಪಕ್ಕದ ಮನೆಯಿಂದ ಹೆಪ್ಪು ತಂದಳು. “ವೈನಿ ಹಾಕಲಿ” ಎಂದಳು.

“ಕೆಟ್ಟರ ಹಾಲಿನ ಹೊಣಿ ನಿಂದ” ಎಂದು ಅತ್ತೆ ಮಗಳಿಗೆ ಹೇಳಿದರು, ನನಗಲ್ಲ.

ಹಾಲಿಗೆ ಕಿರುಬೆರಳು ಅದ್ದಿದೆ. ಅಯ್ಯೋ, ಆ ಬಿಸಿ! ಮಾಸೂರಿನ ಅಡುಗೆಮನೆ, ಅವ್ವನ ಕೆಸರುಗಾಲಿನ ಸಪ್ಪಳ, ಎಲ್ಲ ಆ ಬೆರಳ ತುದಿಗೆ ಬಂದು ನಿಂತವು.

ಬೆಳಿಗ್ಗೆ ಗಡಿಗೆಯನ್ನು ಓರೆ ಮಾಡಿದವರು ಮಾವ. ಮೊಸರು ಅಲುಗಲಿಲ್ಲ. ಅತ್ತೆ ಬಗ್ಗಿ ನೋಡಿ, “ನಿನ್ನಿ ಎಮ್ಮಿ ಹಾಲ ಚಲೋ ಇತ್ತ” ಎಂದರು! ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಅಂದು ಸಂಜೆ ಅತ್ತೆ ನೆಲುವಿನ ಕೆಳಗೆ ನಿಂತು, ಯಾರಿಗೆ ಎಂದಿಲ್ಲದೆ, “ನನಗ ಮೊಣಕಾಲ ನೋವು, ಕೈ ಎಟುಕೂದಿಲ್ಲ. ಇನ್ನ ನೀವ ನೀವ ನೋಡಕೋರಿ” ಎಂದರು. ಹಳೆಯ ಅರಿವೆ ಒಲೆಗೆ ಹೋಯಿತು. ಗಡಿಗೆ ನನ್ನ ಕೈಗೆ ಬಂತು.

ಆದರೆ ಒಂದು ಆಸೆ ಉಳಿಯಿತು. ಮೇಣ ಹಾಕಿದ ಬಾಟಲಿ ಬಿಚ್ಚುವಂತಿರಲಿಲ್ಲವಲ್ಲ, ಅದಕ್ಕೇ ಮಾಸ್ತರರು ಮಕ್ಕಳಿಗೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನಮ್ಮ ಮನೆಯ ಮೊಸರಿನ ಹನಿ ತೋರಿಸಿದ್ದರು. ನಾನು ಹೆಪ್ಪು ಹಾಕಿದ ಮೊಸರು! ನಾನೂ ಹೋಗಿ ನೋಡಬೇಕೆಂದೆ, ಶಾಲೆ ನಮ್ಮ ಓಣಿಯ ಆಚೆಗೇ ಇತ್ತು. “ಸೊಸಿ ಸಾಲಿ ಮೆಟ್ಟಲ ಹತ್ತಿದ್ರ ಮಂದಿ ಏನಂದಾರು” ಎಂದರು ಅತ್ತೆ. ನಾದಿನಿ ಬಂದು, ನಾನು ರೊಟ್ಟಿ ತಟ್ಟಲು ಹರವಿದ್ದ ಹಿಟ್ಟಿನ ಮೇಲೆ ಬೆರಳಿನಿಂದ ಗೀಟು ಎಳೆದಳು. “ಹಿಂಗ ಕಡ್ಡಿ ಇದ್ದಂಗ ಕೆಲವು ವೈನಿ. ಹಿಂಗ ಮಣಿ ಪೋಣಿಸಿದಂಗ ಕೆಲವು.” ಬಹಳ ಹೊತ್ತು ನೋಡಿದೆ. ಹೆಂಚು ಕಾದಿತ್ತು. ಆ ಹಿಟ್ಟಿನ ಮೇಲೆಯೇ ರೊಟ್ಟಿ ತಟ್ಟಿದೆ.

ಮುಂದೆ ಅವಳನ್ನು ಯಲವಿಗಿಯ ಕಡೆ ಕೊಟ್ಟರು. ಮೊಸರು ಕಡೆಯುವಾಗೆಲ್ಲ ಆ ಗೀಟುಗಳು ನೆನಪಾಗುತ್ತಿದ್ದವು. ಎಷ್ಟು ಸಾವಿರ ಗಡಿಗೆ ಮೊಸರು ಮಾಡಿದೆನೋ, ಒಳಗಿರುವುದನ್ನು ಮಾತ್ರ ಕಾಣಲಿಲ್ಲ.

ಮೊನ್ನೆ ಕಂಡೆ! ಮೊಮ್ಮಗಳು ನನ್ನ ಕೈಹಿಡಿದು ಶಾಲೆಯ ಮೆಟ್ಟಿಲು ಹತ್ತಿಸಿದಳು. ನನ್ನ ಮೊಸರಿನ ಒಂದು ಹನಿಗೆ ನೀಲಿ ಬಣ್ಣ ಹಾಕಿ ಗಾಜಿನ ಕೆಳಗೆ ಇಟ್ಟಿದ್ದಳು. ಮೊದಲು ಬರೀ ನನ್ನ ರೆಪ್ಪೆಗೂದಲೇ ಕಂಡಿತು. “ಒಂದ ಕಣ್ಣ ಮುಚ್ಚು ಆಯಿ, ಉಸಿರ ಹಿಡಿ.” ಹಿಡಿದೆ. ನೀಲಿ ಕಡ್ಡಿಗಳು. ಅವುಗಳ ನಡುವೆ ಪೋಣಿಸಿದ ಮಣಿಗಳು. ಹಿಟ್ಟಿನ ಮೇಲೆ ಇದ್ದ ಹಾಗೇ! ಹಿಂದೆ ಮಕ್ಕಳು ಸಾಲಾಗಿ ನಿಂತಿದ್ದರೂ ನಾನು ಕಣ್ಣು ತೆಗೆಯಲಿಲ್ಲ.

ಅಲ್ಲಿಯೇ ನಿಂತು ನಾದಿನಿಗೆ ಫೋನು ಹಚ್ಚಿಸಿದೆ. ಅವಳಿಗೆ ಈಗ ಕಿವಿ ಮಂದ, ನಾನು ಕೂಗಿದ್ದು ಇಡೀ ಶಾಲೆಗೆ ಕೇಳಿರಬೇಕು.

“ಕಂಡ್ವು! ನೀ ಹೇಳಿದ್ದ ಕಡ್ಡಿ ಕಂಡ್ವು!”

“ಈಗ ನೋಡಿದ್ರೇನ ವೈನಿ? ಎಷ್ಟ ತಡಾ ಮಾಡಿದ್ರಿ!” ನಕ್ಕಳು. ಆಮೇಲೆ, “ನನಗ ಮರತ ಹೋಗೈತಿ. ಕಣ್ಣಿಗೂ ಪೊರಿ ಬಂದೈತಿ. ಹೆಂಗ ಇದ್ದವು, ಹೇಳ್ರಿ” ಎಂದಳು.

ಹೇಳತೊಡಗಿದೆ. ಹೇಳುತ್ತ ಹೇಳುತ್ತ ನನ್ನ ಬೆರಳು ಶಾಲೆಯ ಮೇಜಿನ ಮೇಲೆ ಸಣ್ಣ ಸಣ್ಣ ಗೀಟು ಎಳೆಯುತ್ತಿತ್ತು.