ಬಿಳಿ ಉಳಿದ ತೇಪೆ

ಕೇಣಿ ಎಂಬ ಮೀನುಗಾರರ ಊರಿನಲ್ಲಿ ಫೈಬರ್ ದೋಣಿ ರಿಪೇರಿ ಮಾಡುತ್ತಿದ್ದವನು ಪ್ರತಿ ಹೊಸ ತೇಪೆಗೂ ಕಿವಿಯಿಟ್ಟು ಒಳಗೆ ಪೊಳ್ಳಿದೆಯೇ ಎಂದು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ತೇಪೆಗೆ ಹಾಕುವ ಗಾಜಿನ ಎಳೆಗಳ ಬಿಳಿ ಚಾಪೆ, ಮ್ಯಾಟು, ರೆಸಿನ್ ಎಂಬ ಅಂಟುದ್ರವ ಕುಡಿದರೆ ಗಾಜಿನಂತೆ ತಿಳಿಯಾಗುತ್ತದೆ. "ಬೆಳ್ಳಗೆ ಉಳ್ದ್ರೆ ಹೆದ್ರಬೇಕು, ತಮಾ," ಎಂದು ನನಗೆ ಹೇಳುತ್ತಿದ್ದ.

ಒಮ್ಮೆ ನಮ್ಮ ದೋಣಿಯ ಪಕ್ಕ ಒಡೆದಾಗ ನನ್ನ ಅಣ್ಣ, ದುಬಾರಿಯದ್ದೇ ಗಟ್ಟಿ ಎಂದುಕೊಂಡು, ಕಾರವಾರದಿಂದ ಎಪಾಕ್ಸಿ ಎಂಬ ಬೇರೆ ರೆಸಿನ್ ತಂದು ಅವನಿಗೆ ಕೊಟ್ಟ. ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟ ಅಂಟು ಮಾಮೂಲಿ ರೆಸಿನ್ನಿನಲ್ಲಿ ಕರಗುತ್ತದೆ, ಇದರಲ್ಲಿ ಕರಗಲಿಲ್ಲ. ತೇಪೆ ಕಲ್ಲಿನಂತಾಯಿತು, ಬಿಳಿ ಮಾತ್ರ ಹೋಗಲಿಲ್ಲ.

"ರೆಸಿನ್ ಏನೋ ಗಟ್ಟಿ ಆಯ್ತು, ಆದ್ರೆ ಎಳೇನ ಹಿಡೀಲಿಲ್ಲ. ಕಿತ್ತು ಮತ್ತೆ ಹಾಕ್ತೆ," ಎಂದ ರಿಪೇರಿಯವನು.

"ಬಂಗಡೆ ಮೀನು ಬಂದದೆ. ಈಗ ಕಾಯೂಕೆ ಆಗ್ತದ್ಯಾ?" ಎಂದ ಅಣ್ಣ, ಅದರ ಮೇಲೆ ನೀಲಿ ಬಣ್ಣ ಬಳಿದುಬಿಟ್ಟ.

ಕಡಲಲ್ಲಿ ನಾನು ಒಳಗಿನಿಂದ ತೇಪೆಯ ಮೇಲೆ ಅಂಗೈಯಿಟ್ಟೆ. ಒಂದೊಂದು ತೆರೆಗೂ ಅದು ಉಬ್ಬಿ ಇಳಿಯುತ್ತಿತ್ತು. ದಡ ಸೇರುವವರೆಗೂ ಕೈ ತೆಗೆಯಲು ಧೈರ್ಯವಾಗಲಿಲ್ಲ.

ದಡಕ್ಕೆ ಬಂದಾಗ ರಿಪೇರಿಯವನು ಮೊಣಕಾಲುದ್ದ ನೀರಿನಲ್ಲಿ ಕಾಯುತ್ತ ನಿಂತಿದ್ದ. ನಮ್ಮ ಮುಖ ನೋಡದೆ ದೋಣಿಯ ಪಕ್ಕದ ತೇಪೆಗೆ ಕಿವಿಯಿಟ್ಟ. ತಟ್ಟಿದರೆ ಒಡೆದೀತೆಂಬಂತೆ, ಎತ್ತಿದ ಕೈ ಹಾಗೇ ನಿಂತಿತು.

"ಮೊದ್ಲು ನೀವಿಬ್ರೂ ಇಳೀರಿ," ಎಂದ.